ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿ: ಕಾಯಕ ಮತ್ತು ಸುಸ್ಥಿರತೆ



ಉದ್ಯಮರಂಗದಲ್ಲಿ ಇಂದು ‘ಸುಸ್ಥಿರತೆ’ ಎಂಬ ಮಾತು ಬಹುವಾಗಿ ಕೇಳಿಬರುತ್ತಿದೆ. ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುತ್ತು ತಾರದಿರುವುದು ಎಂಬ ಅದರ ಅರ್ಥವನ್ನು 1987ರ ಬ್ರುಂಟ್‌ಲ್ಯಾಂಡ್ ಆಯೋಗದ ವರದಿಯು ಲೋಕಪ್ರಸಿದ್ಧಗೊಳಿಸಿತು. ಆದರೆ ಈ ಚಿಂತನೆಯ ಬೇರು ಉದ್ಯಮದಲ್ಲಿಯೇ ಇದೆ. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳ ಆಡಳಿತಾಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಅರಣ್ಯವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅದಿರು ಕರಗಿಸುವ ಕುಲುಮೆಗಳಿಗಾಗಿ ಕಾಡು ಬರಿದಾಗುತ್ತಿತ್ತು. ಕಾಡು ಬೆಳೆದು ತುಂಬಿಕೊಡುವಷ್ಟನ್ನು ಮಾತ್ರ ಕಡಿಯಬೇಕು, ಇಲ್ಲವಾದರೆ ಸೌದೆಯೊಡನೆ ಗಣಿಯ ಉದ್ಯಮವೂ ನಿಂತುಹೋಗುವುದೆಂಬುದು ಆತನ ಎಚ್ಚರಿಕೆಯಾಗಿತ್ತು.

ಮಿತಿಯನ್ನು ಕುರಿತ ಈ ಎಚ್ಚರವು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬೇರೊಂದು ನೆಲೆಯಲ್ಲಿ ಕಾಣಿಸಿಕೊಂಡಿತ್ತು. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಸ್ವೀಕರಿಸದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ವಿಶಿಷ್ಟ ಸ್ಥಾನವಿದೆ. ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’ ಎಂಬ ಅಂಕಿತದ ಲಕ್ಕಮ್ಮನವರ ವಚನಗಳಲ್ಲಿಯೂ ಇದೇ ನಿಷ್ಠುರತೆ ಮನೆಮಾಡಿದೆ.

ಇಲ್ಲಿ ಒಂದು ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆ ಹೆಚ್ಚಿನ ಅಕ್ಕಿ ಕದ್ದದ್ದಲ್ಲ. ದಾಸೋಹದ ಮನೆಗೆ ಬಂದದ್ದು. ಆದರೂ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಉದ್ದೇಶವು ಪವಿತ್ರವಾದ ಮಾತ್ರಕ್ಕೆ ಮಿತಿಮೀರಿದ ಗಳಿಕೆಯು ಶುದ್ಧವಾಗದೆಂಬುದು ಅವರ ನಿಲುವು. ಶರಣರು ಪರಿಸರಶಾಸ್ತ್ರವನ್ನು ಬರೆದರೆಂದು ಹೇಳುವುದು ಇತಿಹಾಸಕ್ಕೆ ಅಪಚಾರವಾದೀತು. ಆದರೆ ಗಳಿಸುವ ಬಗೆಯನ್ನೂ ಮಿತಿಯನ್ನೂ ಅವರು ಧರ್ಮದ ಪ್ರಶ್ನೆಯನ್ನಾಗಿ ಮಾಡಿದರೆಂಬುದು ನಿಸ್ಸಂಶಯ.

ಈ ಪ್ರಶ್ನೆಗೆ ಬೆನ್ನುಮಾಡಿದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ವಿದೇಶದ ಬೇಡಿಕೆಗೆ ಮರುಳಾಗಿ ಬಳ್ಳಾರಿಯ ಬೆಟ್ಟಗಳನ್ನು ಎಗ್ಗಿಲ್ಲದೆ ಅಗೆದದ್ದರ ಫಲವಾಗಿ, 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ಆದೇಶ ಅನ್ವಯಿಸಿತು. ನಿಯಮ ಮೀರಿದವರೊಡನೆ ಲಾರಿ ಚಾಲಕರು, ಕೂಲಿಕಾರರು, ಸಣ್ಣ ಕಾರ್ಖಾನೆಯವರು ಕೂಡ ಕೆಲಸವಿಲ್ಲದೆ ಕುಳಿತರು. ಗಣಿಗಳು ಮತ್ತೆ ತೆರೆದಾಗ ಈ ಮೂರು ಜಿಲ್ಲೆಗಳಿಗೆ ವರ್ಷಕ್ಕೆ ಒಟ್ಟು 3 ಕೋಟಿ ಟನ್ನುಗಳ ಮಿತಿ ವಿಧಿಸಲಾಯಿತು. 2022ರಲ್ಲಿ ಅದನ್ನು 5 ಕೋಟಿ ಟನ್ನುಗಳಿಗೆ ಏರಿಸಲಾಯಿತು. ಉದ್ಯಮವು ತಾನೇ ಹಾಕಿಕೊಳ್ಳಬೇಕಾಗಿದ್ದ ಮಿತಿಯನ್ನು ನ್ಯಾಯಾಲಯವು ಹಾಕಬೇಕಾಯಿತು.

2013ರ ಕಂಪನಿ ಕಾಯ್ದೆಯು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದೆ. ಇದು ಸ್ವಾಗತಾರ್ಹವೇ. ಆದರೆ ಲಾಭ ಬಂದ ಮೇಲೆ ಕೊಡುವುದು ದಾನ; ಆ ಲಾಭ ಬಂದ ದಾರಿಯನ್ನೇ ಪರೀಕ್ಷಿಸುವುದು ಸುಸ್ಥಿರತೆ. ಕೆರೆಯ ನೀರನ್ನು ಕೆಡಿಸಿ ಊರಿಗೆ ಅನ್ನ ಹಾಕಿದರೆ ಅದನ್ನು ದಾಸೋಹವೆನ್ನಲಾದೀತೆ?

ಸದ್ಭಕ್ತರಲ್ಲಿ ಅಂಗಡಿ, ಗಿರಣಿ, ಕಾರ್ಖಾನೆಗಳನ್ನು ನಡೆಸುವವರು ಬಹುಸಂಖ್ಯೆಯಲ್ಲಿದ್ದಾರೆ. ದಾಸೋಹಕ್ಕೆಂದು ಕಾಣಿಕೆಯನ್ನು ತೆಗೆದಿರಿಸುವ ಮುನ್ನ, ಇದನ್ನು ಲಕ್ಕಮ್ಮತಾಯಿ ಒಳಗೆ ತೆಗೆದುಕೊಳ್ಳುತ್ತಿದ್ದರೆ, ಹಿಂದಿರುಗಿಸುತ್ತಿದ್ದರೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳಿತು. ಕಾಣಿಕೆಯನ್ನು ಸ್ವೀಕರಿಸುವ ಮಠಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.