ಮೊಸರು, ಕರುಳು ಮತ್ತು ಚರ್ಮ

1930ರಲ್ಲಿ ಫಿಲಡೆಲ್ಫಿಯಾದ ಸ್ಟೋಕ್ಸ್ ಮತ್ತು ಪಿಲ್ಸ್‌ಬರಿ ಎಂಬ ಇಬ್ಬರು ಚರ್ಮವೈದ್ಯರು ಒಂದು ಲೇಖನ ಬರೆದರು. ಚಿಂತೆ, ಒತ್ತಡದಿಂದ ಕರುಳಿನ ಬ್ಯಾಕ್ಟೀರಿಯಾ ಏರುಪೇರಾಗುತ್ತವೆ, ಅದರ ಉರಿ ಚರ್ಮದ ಮೇಲೆ ಕಾಣುತ್ತದೆ ಅನ್ನೋದು ಅವರ ವಾದ. ಮದ್ದು? ಅಸಿಡೋಫಿಲಸ್ ಬ್ಯಾಕ್ಟೀರಿಯಾ ಹಾಕಿ ಹುಳಿಸಿದ ಹಾಲು. ಹೆಚ್ಚುಕಡಿಮೆ ನಮ್ಮ ಮೊಸರಿನ ದಾಯಾದಿ :)

ಈ ಹಳೇ ಕತೆ ಕೆದಕಲು ಕಾರಣ ಚಿಂಚೋಳಿಯ ಚಂದಾಪುರದಲ್ಲಿರುವ ನಮ್ಮ ಕಾಕಾ. ವರ್ಷಗಳಿಂದ ಸೋರಿಯಾಸಿಸ್. ಆ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, ಅದರಲ್ಲೂ ತುಂಬುತೋಳಿನ ಅಂಗಿಯೇ. ಯಾರೋ ಪ್ರೋಬಯಾಟಿಕ್ ಪುಡಿ ತೋರಿಸಿ, ಗುಳಿಗೆ ಬಿಟ್ಟುಬಿಡಿ ಅಂದಿದ್ದಾರೆ. "ಹೊಟ್ಟಿ ಸಾಫ್ ಆದ್ರ ಚರ್ಮ ಸಾಫ್ ಆಗ್ತದಂತ, ಖರೇ ಏನೋ?" ಅಂತ ಫೋನು. ನಾನು ಕೋಡು ಬರೆಯುವವ, ಡಾಕ್ಟರಲ್ಲ. ಆದರೂ ಒಂದು ಕಡೆ ಓಡಿದ ಪ್ರೋಗ್ರಾಮು ಇನ್ನೊಂದು ಮೆಷೀನಿನಲ್ಲೂ ಓಡುತ್ತಾ ಅಂತ ನೋಡೋ ಚಟ ಇದೆಯಲ್ಲ, ಅದೇ ಕಣ್ಣಲ್ಲಿ ಓದುತ್ತಾ ಹೋದೆ.

2001ರಲ್ಲಿ ಫಿನ್ಲೆಂಡಿನ ತುರ್ಕುವಿನಲ್ಲಿ, ಅಲರ್ಜಿ ಇರುವ ಮನೆತನಗಳ ಗರ್ಭಿಣಿಯರಿಗೂ ಆಮೇಲೆ ಕೂಸುಗಳಿಗೂ ಲ್ಯಾಕ್ಟೋಬ್ಯಾಸಿಲಸ್ ಜಿಜಿ ಕೊಟ್ಟರು. ಎರಡು ವರ್ಷ ತುಂಬುವಾಗ ಹುಸಿ ಮದ್ದಿನ ಗುಂಪಿನ ಮಕ್ಕಳಲ್ಲಿ 46%ಗೆ ಇಸಬು, ಬ್ಯಾಕ್ಟೀರಿಯಾ ಪಡೆದವರಲ್ಲಿ 23%. ಸರಿಯಾಗಿ ಅರ್ಧ! ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಪುಡಿ ಕೊಳ್ಳುತ್ತಿದ್ದೆನೇನೋ. 2008ರಲ್ಲಿ ಜರ್ಮನಿಯ ಫ್ರೈಬುರ್ಗ್‌ನವರು ಅದೇ ಬ್ಯಾಕ್ಟೀರಿಯಾ ಕೊಟ್ಟು ನೋಡಿದರು. ಬ್ಯಾಕ್ಟೀರಿಯಾ ಪಡೆದವರಲ್ಲಿ 28%, ಪಡೆಯದವರಲ್ಲಿ 27.3%. ಇದು ಇಸಬು ಬಾರದಂತೆ ತಡೆಯುವ ಮಾತಾಯಿತು. ಬಂದ ಮೇಲೆ? 39 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಇನ್ನು ಕಾಕಾನ ರೋಗ. ಸೋರಿಯಾಸಿಸ್ ಇರುವವರ ಕರುಳಿನ ಬ್ಯಾಕ್ಟೀರಿಯಾ ಬೇರೆ ಥರ ಇರೋದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದು ರೋಗದ ಕಾರಣವೋ, ಪರಿಣಾಮವೋ? ಬ್ಯಾಕ್ಟೀರಿಯಾ ಬದಲಿಸಿಯೇ ನೋಡಬೇಕು. ಡೆನ್ಮಾರ್ಕಿನವರು ನೋಡಿದರು. ಸೋರಿಯಾಸಿಸ್ ಜೊತೆ ಬರುವ ಕೀಲುವಾತದ 31 ರೋಗಿಗಳು. 15 ಜನರ ಸಣ್ಣಕರುಳಿಗೆ ಆರೋಗ್ಯವಂತರ ಮಲದಿಂದ ತಯಾರಿಸಿದ ದ್ರಾವಣ (ಊಟ ಮಾಡ್ತಾ ಓದುವವರು ಕ್ಷಮಿಸಿ), 16 ಜನರಿಗೆ ಹುಸಿ ದ್ರಾವಣ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2021ರಲ್ಲಿ ಫಲಿತಾಂಶ ಬಂತು. 26 ವಾರಗಳೊಳಗೆ ರೋಗ ಹತೋಟಿಗೆ ಬಾರದೆ ಚಿಕಿತ್ಸೆ ಹೆಚ್ಚಿಸಬೇಕಾಗಿ ಬಂದದ್ದು ಹುಸಿ ಗುಂಪಿನಲ್ಲಿ 3 ಜನಕ್ಕೆ, ನಿಜವಾದ ಗುಂಪಿನಲ್ಲಿ 9 ಜನಕ್ಕೆ!

ಸಣ್ಣ ಪ್ರಯೋಗ, ನಿಜ. ಪುಡಿ ಮಾರುವವರು ಹೇಳದ ಒಂದು ವಿವರವೂ ಅದರಲ್ಲಿದೆ. ಆ ರೋಗಿಗಳ ಮೆಥೊಟ್ರೆಕ್ಸೇಟ್ ಔಷಧವನ್ನು ಪ್ರಯೋಗಕ್ಕಾಗಿ ಬಿಡಿಸಿರಲಿಲ್ಲ.