ರಾಶಿ ಸುಗ್ಯಾಗ ಅಂಗಳದ ಗಿಡ: ಹೂತ ಗಡಿಗಿಯ ಇತಿಹಾಸ



ತೊಗರಿ ರಾಶಿ, ಕಬ್ಬಿನ ಕಟಾವು ಶುರುವಾದ್ರ ಮನಿ ಮಂದಿ ಎಲ್ಲಾ ಹೊಲದಾಗ ಇರ್ತೀವಿ. ಅಂಗಳದ ತುಳಸಿ, ಕರಿಬೇವು, ಮಲ್ಲಿಗಿ ಕುಂಡ ನೋಡೋರಿರಂಗಿಲ್ಲ. ಸಂಜಿಕ ಬಂದು ಅವಸರದಾಗ ಒಂದು ತಂಬಿಗಿ ನೀರು ಸುರೀತೀವಿ. ಆದ್ರ ಕುಂಡದಾಗಿನ ಎರಿ ಮಣ್ಣು ಒಣಗಿದ್ರ ಕುಗ್ಗಿ ಅಂಚು ಬಿಡ್ತದ. ಸುರಿದ ನೀರು ಆ ಸಂದಿಯಿಂದ ಇಳಿದು ತಳದ ತೂತಿನಿಂದ ಹೊರಗ ಹೋಗ್ತದ. ಬೇರಿದ್ದ ನಡುವಿನ ಹೆಂಟಿ ಒಣಾನೇ ಉಳೀತದ. ನೀರು ಹಾಕಿದ್ರೂ ಗಿಡ ಯಾಕ ಒಣಗ್ತು ಅನ್ನೋದಕ್ಕ ಉತ್ತರ ಇದೇ.

ಕೈಗೆ ಬಿಡುವಿಲ್ಲದಾಗ ಗಿಡಕ್ಕ ನೀರು ಹೆಂಗ ಉಣಿಸಬೇಕು ಅನ್ನೋದು ಹಳೇ ಪ್ರಶ್ನೆ. ಸುಮಾರು 2000 ವರ್ಷದ ಹಿಂದ ಚೀನಾದಾಗ ಫಾನ್ ಶೆಂಗ್‌ಚಿ ಅನ್ನುವವ ಒಕ್ಕಲುತನದ ಪುಸ್ತಕ ಬರೆದ. ಗುಂಡಿ ನಡುವ ಮಣ್ಣಿನ ಗಡಿಗಿ ಬಾಯಿಮಟ ಹೂತು, ನೀರು ತುಂಬಿ, ಸುತ್ತ 4 ಬಳ್ಳಿ ಬೀಜ ಊರಿ, ಬಾಯಿಗೆ ಹೆಂಚು ಮುಚ್ಚು; ನೀರು ಇಳಿದಂಗ ಮತ್ತ ತುಂಬು. ಇದು ಅವನು ಹೇಳಿದ ರೀತಿ.

ಇದರ ಗುಟ್ಟು ಸುಟ್ಟ ಮಣ್ಣಿನ ಸಣ್ಣ ರಂಧ್ರದಾಗ ಅದ. ಸುತ್ತಲ ಮಣ್ಣು ಒಣಗಿದ್ರ ನೀರು ಜಗ್ಗತದ, ಹಸಿ ಇದ್ರ ಜಿನುಗೋದು ಕಮ್ಮಿ ಆಗ್ತದ. ನೀರು ಎಷ್ಟು ಬೇಕು ಅನ್ನೋದು ಗಡಿಗಿ ಅಲ್ಲ, ಮಣ್ಣೇ ನಿರ್ಧಾರ ಮಾಡ್ತದ.

ನಮಗೂ ಈ ಮಾತು ಹೊಸದಲ್ಲ. ಶಿವನ ಗುಡ್ಯಾಗ ಲಿಂಗದ ಮ್ಯಾಲ ಹನಿ ಹನಿ ಇಳಿಯೋ ಧಾರಾಪಾತ್ರೆ ಎಲ್ಲರೂ ನೋಡೀವಿ. ನಮ್ಮ ಹಿಂಗಾರಿ ಜ್ವಾಳದ ಹೊಲಾನೂ ಒಂದು ದೊಡ್ಡ ಗಡಿಗಿನೇ: ಮಳಿಗಾಲದಾಗ ಎರಿ ಭೂಮಿ ಕುಡಿದ ನೀರಿನ ಮ್ಯಾಲ ಮಾಲದಂಡಿ ಜ್ವಾಳ ತೆನಿ ಹಿಡೀತದ. ಇನ್ನ ಇಸ್ರೇಲದ ಸಿಂಖಾ ಬ್ಲಾಸ್, ಸೋರುವ ಪೈಪಿನ ಬಾಜೂಕಿನ ಒಂದೇ ಮರ ಸೊಂಪಾಗಿ ಬೆಳೆದದ್ದು ನೋಡಿದ. 1965ರಾಗ ಹಟ್ಝೆರಿಮ್ ಕಿಬುಟ್ಸಿನವರ ಜೊತಿ ನೆಟಾಫಿಮ್ ಕಂಪನಿ ಶುರುವಾಯ್ತು. ಇವತ್ತು ಕಬ್ಬಿಗೆ ಹಾಕೋ ಡ್ರಿಪ್ ಆ ದಾರ್ಯಾಗ ಬಂದದ್ದು.

ಈಗ ಅಂಗಳಕ್ಕ ಬರೋಣ. ಬಣ್ಣ ಹಚ್ಚದ, ಎಣ್ಣಿ ತಾಗದ, ತೂತಿಲ್ಲದ ಸಣ್ಣ ಕುಡಿಕಿ ಕುಂಬಾರರ ಕಡೆಯಿಂದ ತರ್ರಿ. ಬೇರು ಹರಿಯದಂಗ ಕುತ್ತಿಗಿಮಟ ಹೂಳ್ರಿ. ಎರಿ ಮಣ್ಣಿಗೆ ಮರಳು, ತಿಪ್ಪಿಗೊಬ್ಬರ ಕಲಸಿದ್ರ ಬಿರುಕು ಕಮ್ಮಿ. ಮೊದಲ ಸಲ ಕುಂಡದ ಮಣ್ಣು ನಿಧಾನಕ್ಕ ಪೂರ್ತಿ ತೋಯಿಸಿ, ಆಮ್ಯಾಲ ಕುಡಿಕಿ ತುಂಬ್ರಿ. ಬಾಯಿ ಮುಚ್ಚದಿದ್ರ ಸೊಳ್ಳಿ ಮೊಟ್ಟಿ ಇಡ್ತಾವ. ಸವಳು ನೀರಾದ್ರ ರಂಧ್ರ ಕಟ್ಟಿಕೊಳ್ತಾವ, ನಡುನಡುವ ತಿಕ್ಕಿ ತೊಳೀರಿ.

ರಾಶಿಗೆ ಒಂದೆರಡು ವಾರ ಮೊದಲೇ ಹೂತು, ಎಷ್ಟು ದಿನಕ್ಕ ಖಾಲಿ ಆಗ್ತದ ಎಣಿಸಿಡ್ರಿ. ಬೆರಳು ಎರಡು ಗೆಣ್ಣು ಇಳಿಸಿದಾಗ ಹಸಿ ತಾಗಿದ್ರ ಚಿಂತಿಲ್ಲ. ದಿನಾ ಹಾಕೋ ತಂಬಿಗಿ ನೀರೂ ಉಳೀತದ. ಬ್ಯಾಸಗ್ಯಾಗ ಕೊಡ ಹೊತ್ತು ತರೋ ಮನಿ ಹೆಣ್ಮಕ್ಕಳಿಗೆ ಅದರ ಬೆಲಿ ಗೊತ್ತು.