ಕಡತ: ಹುಣಸೆ ಬೀಜದ ಸರಿಯಿಂದ ಫ್ಲಾಪಿಯವರೆಗೆ

ಕಡತ ಮಂಡಿಸಿದ್ದಾರೆ, ಕಡತ ಸಹಿಗೆ ಹೋಗಿದೆ, ಕಡತ ಇನ್ನೂ ವಿಲೇವಾರಿ ಆಗಿಲ್ಲ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಈ ಮಾತುಗಳು ಗೊತ್ತು. ‘ಫೈಲ್’ಗೆಂದು ಯಾರೋ ಈಚೆಗೆ ಕಟ್ಟಿದ ಪದ ಇದು ಎಂದುಕೊಂಡವರು ಅನೇಕರು. ಹಾಗಲ್ಲ. ಕಡತ ಎಂದರೆ ಮೊದಲು ಬಟ್ಟೆಯ ಪುಸ್ತಕ.

ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದನ್ನು ಕತ್ತರಿಸದೆ, ಒಂದೇ ಅಳತೆಗೆ ಹಿಂದಕ್ಕೂ ಮುಂದಕ್ಕೂ ಮಡಚಿ, ಎರಡು ತುದಿಗೆ ಮರದ ಹಲಗೆ ಕೂರಿಸಿದರೆ ಕಡತ ಸಿದ್ಧ. ಬರೆಯುವುದು ಬಳಪದಲ್ಲಿ, ಲೆಕ್ಕ ಚುಕ್ತಾ ಆದರೆ ಒರಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದ. ವರ್ತಕರ ಅಂಗಡಿಗಳಲ್ಲಿ ಆಗಲೂ ಅದು ಬಳಕೆಯಲ್ಲಿತ್ತು. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ.

ಪದದ ವಯಸ್ಸು ಇನ್ನೂ ಹೆಚ್ಚು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ. ದಾಖಲೆಗಳ ಹೆಗ್ಗಡೆ ಅವನು. ಇಲ್ಲಿಯ ಕಡಿತವೇ ನಮ್ಮ ಕಡತ.

ಕಾಗದ ಬಂದಾಗ ಬಟ್ಟೆ ಹೋಯಿತು, ಹೆಸರು ಉಳಿಯಿತು. ಕಂಪ್ಯೂಟರಿಗೆ ಕನ್ನಡ ಬಂದಾಗ ಲಿನಕ್ಸ್‌ನ ಅನುವಾದಕರು ‘ಫೈಲ್’ ಜಾಗಕ್ಕೆ ಇದೇ ಕಡತವನ್ನು ತಂದು ಕೂರಿಸಿದರು, ‘ಫೋಲ್ಡರ್’ ಕಡತಕೋಶವಾಯಿತು. ಈ ಆಯ್ಕೆ ನನಗೆ ಬಹಳ ಇಷ್ಟ. ಹಿಂದೆ ಕಂಪ್ಯೂಟರಿನ ಕಡತಗಳನ್ನು ಉಳಿಸಿಡುತ್ತಿದ್ದ ಫ್ಲಾಪಿಯನ್ನು ಬಿಚ್ಚಿ ನೋಡಿದವರಿಗೆ ಕಾರಣ ತಿಳಿಯುತ್ತದೆ: ಒಳಗಿರುವುದು ತೆಳು ಪ್ಲಾಸ್ಟಿಕ್ ಹಾಳೆ, ಅದರ ಎರಡೂ ಮಗ್ಗುಲಿಗೆ ಕಬ್ಬಿಣದ ಆಕ್ಸೈಡಿನ ಲೇಪ. ಬಳಿದು, ಒಣಗಿಸಿ, ಬರೆದು, ಒರಸಿ, ಮತ್ತೆ ಬರೆಯುವ ಹಳೆಯ ಉಪಾಯವೇ ಇದು. ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿದರೆ, ಅದನ್ನು ಮತ್ತೆ ಹಿಂದಕ್ಕೆ ಸರಿಸುವವರೆಗೆ ಬರೆದದ್ದನ್ನು ಡ್ರೈವ್ ಅಳಿಸಲಾರದು. ಬಟ್ಟೆಯ ಕಡತಕ್ಕೆ ಆ ಭದ್ರತೆ ಇರಲಿಲ್ಲ. 1.44 ಎಂಬಿಯಲ್ಲಿ ಒಂದು ಕಾದಂಬರಿ ಹಿಡಿಯುತ್ತಿತ್ತು. ಡ್ರೈವಿನೊಳಗೆ ಅದು ಕಟಕಟ ಸದ್ದು ಮಾಡಿದಾಗ ಬರಹ ಉಳಿಯಿತು ಎಂಬ ನೆಮ್ಮದಿ. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಚಿತ್ರವಾಗಿ ಮಾತ್ರ ಅದು ‘ಉಳಿಸು’ ಗುಂಡಿಯ ಮೇಲೆ ಇನ್ನೂ ಕೂತಿದೆ.

ಹಳೆಯ ಫ್ಲಾಪಿಗಳನ್ನು ಓದಲು ಕನ್ನಡಿಗರಿಗೆ ಇನ್ನೊಂದು ಕಷ್ಟವಿದೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯುನಿಕೋಡ್ ರೂಢಿಯಾಗುವ ಮೊದಲು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪುಸ್ತಕ, ಪ್ರಬಂಧ, ಪತ್ರಗಳು ಅಸಂಖ್ಯ. ಫ್ಲಾಪಿ ಓದುವ ಡ್ರೈವ್ ಸಿಕ್ಕರೂ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದದ ಜಾಗದಲ್ಲಿ ಕಾಣುವುದು ಇಂಗ್ಲಿಷಿನ ಪಿ, ಪೌಂಡಿನ ಗುರುತು, ಕ್ಯೂ, ನಡುನಡುವೆ ತಲೆಯ ಮೇಲೆ ಗೀಟು ಹೊತ್ತ ಎ. ಹುಣಸೆ ಬೀಜದ ಸರಿ ಬಳಿದ ಕಡತವನ್ನು ಬಿಡಿಸಿದರೆ ಓದಬಹುದು. ಇಪ್ಪತ್ತೈದು ವರ್ಷದ ಹಿಂದಿನ ಈ ಕಡತಕ್ಕೆ ದುಭಾಷಿ ಬೇಕು.

ಆ ದುಭಾಷಿ ಇದೆ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮನೆಯ ಬೀರುವಿನಲ್ಲಿ ಅಪ್ಪನ ಲೇಖನವೋ ಅಕ್ಕನ ಪ್ರಬಂಧವೋ ಇರುವ ಫ್ಲಾಪಿ, ಸಿಡಿ ಇದ್ದರೆ ಬೂಷ್ಟು ಹಿಡಿಯುವ ಮೊದಲೇ ಹೊರತೆಗೆಯಿರಿ. ಡ್ರೈವ್ ಇರುವವರನ್ನು ಹುಡುಕಿ, ನಕಲು ಮಾಡಿಸಿ, ಯುನಿಕೋಡಿಗೆ ಬದಲಿಸಿ, ಎರಡು ಕಡೆ ಇಡಿ.